ಹಿನ್ನೆಲೆ ಎಂಬ ಶಬ್ದದ ಅನ್ಯಾಯ

ಚಲಚ್ಚಿತ್ರದ ವಿಷಯವಾಗಿ ನಮ್ಮ ಜನರ ಮನಸ್ಸಿನಲ್ಲಿ ಬೇರೂರಿರುವ ಅಭಿಪ್ರಾಯಗಳಲ್ಲಿ ಅತ್ಯಂತ ಪ್ರಬಲವಾದುದೂ, ನನ್ನ ದೃಷ್ಟಿಯಲ್ಲಿ ಅತ್ಯಂತ ಅನ್ಯಾಯವಾದುದೂ ಯಾವುದೆಂದರೆ, ತೆರೆಯ ಮೇಲೆ ಯಾರ ಮುಖ ಕಾಣುವುದೋ ಚಿತ್ರವು ಅವರದು, ಕಾಣದೆ ದುಡಿದವರೆಲ್ಲರೂ ಆ ಮುಖದ ಪರಿಚಾರಕರು ಎಂಬುದು. ಈ ಅಭಿಪ್ರಾಯವನ್ನು ಯಾರೂ ವಾದಮಾಡಿ ಸ್ಥಾಪಿಸಿದುದಲ್ಲ. ವಾದದ ಅಗತ್ಯವೇ ಬೀಳದಷ್ಟು ಸಹಜವಾಗಿ ಅದು ನಮ್ಮ ಆಡುಮಾತಿನೊಳಗೆ ಸೇರಿಹೋಗಿದೆ. ರೋಣದ ಚಹದಂಗಡಿಯಲ್ಲಿಯೋ, ನರಗುಂದದ ಗುಡ್ಡದ ಬುಡದ ಓಣಿಯಲ್ಲಿಯೋ, ಗಜೇಂದ್ರಗಡದ ಸಂತೆಯಲ್ಲಿಯೋ ಹಳೆಯ ಚಿತ್ರಗೀತೆಯೊಂದು ಕಿವಿಗೆ ಬಿದ್ದಾಗ, ಇದು ಯಾರ ಹಾಡು ಎಂದು ಪಕ್ಕದವರನ್ನು ಕೇಳಿ ನೋಡಿರಿ. ಬಹುಮಂದಿ ನಟನ ಹೆಸರನ್ನೇ ಹೇಳುವರು. ಬಲ್ಲವನೊಬ್ಬನು ಗಾಯಕನ ಹೆಸರನ್ನು ಹೇಳಿದರೂ, ‘ಹಿನ್ನೆಲೆ ಗಾಯನ ಅವರದು’ ಎಂದು ಸೇರಿಸಿ ಆ ಗಾಯಕನನ್ನು ತೆರೆಯ ಹಿಂದಕ್ಕೆ ಕಳುಹಿಸಿಬಿಡುವನು. ನಟನ ಹೆಸರು ಹೇಳುವವರ ಮೇಲೆ ನನಗೆ ಮುನಿಸಿಲ್ಲ. ನಾನು ಖಂಡಿಸಹೊರಟಿರುವುದು ತಿಳಿದವರ ಬಾಯಲ್ಲಿ ಗೌರವದ ವೇಷದಲ್ಲಿ ಬರುವ ಆ ‘ಹಿನ್ನೆಲೆ’ಯನ್ನು.

ಇತರ ಪ್ರಾಂತಗಳವರು ಈ ತಪ್ಪನ್ನು ಮಾಡಿದರೆ ಸಹಿಸಿಕೊಳ್ಳಬಹುದಾಗಿತ್ತೇನೋ. ಈ ಮೂರು ಊರುಗಳ ಸೀಮೆಯವರು ಮಾಡಿದರೆ ಸಹಿಸಲಾಗದು. ಏಕೆಂದರೆ, ಚಿತ್ರರಂಗವು ಮುಖವಿಲ್ಲದ ಕಂಠವೆಂದು ಬಳಸಿಕೊಂಡ ಧ್ವನಿಗಳಲ್ಲಿ ಅತಿ ಗಂಭೀರವಾದ ಒಂದು ಧ್ವನಿ ಹುಟ್ಟಿದುದು ಇದೇ ರೋಣದಲ್ಲಿ, 1922ರ ಫೆಬ್ರುವರಿ 4ರಂದು. ಪಂಡಿತ ಭೀಮಸೇನ ಜೋಶಿಯವರನ್ನು ನಾವು ಸಭಾಗಾಯನದ ಸಾಮ್ರಾಟರೆಂದು ಕೊಂಡಾಡುತ್ತೇವೆ, ಭಾರತರತ್ನ ಬಂದ 2008ನೆಯ ಇಸವಿಯನ್ನು ನೆನೆದು ಹೆಮ್ಮೆಪಡುತ್ತೇವೆ. ಆದರೆ ಅವರು ಚಿತ್ರಗಳಿಗಾಗಿ ಹಾಡಿದ ಹಾಡುಗಳ ಮಾತು ಬಂದೊಡನೆ ಅದೊಂದು ಸ್ವಾರಸ್ಯದ ಕಥೆ ಎಂಬಂತೆ ಮುಗುಳುನಕ್ಕು ಮುಂದೆ ಸಾಗುತ್ತೇವೆ.

ಮೊದಲು ಶಬ್ದವನ್ನೇ ಪರಿಶೀಲಿಸೋಣ. ಇಂಗ್ಲಿಷಿನ ‘ಪ್ಲೇಬ್ಯಾಕ್’ ಎಂಬ ಮಾತಿನಲ್ಲಿರುವ ‘ಬ್ಯಾಕ್’ ಎಂಬುದಕ್ಕೆ ‘ಹಿಂಬದಿ’ ಎಂಬ ಅರ್ಥ ಎಂದಿಗೂ ಇರಲಿಲ್ಲ. ಅದರ ಅರ್ಥ ‘ಮರಳಿ’ ಎಂದು. ಒಮ್ಮೆ ಮುದ್ರಿಸಿಕೊಂಡ ಧ್ವನಿಯನ್ನು ಚಿತ್ರೀಕರಣದ ಸ್ಥಳದಲ್ಲಿ ಮರಳಿ ಕೇಳಿಸುವುದು, ಅದಕ್ಕೆ ತಕ್ಕಂತೆ ನಟನು ತುಟಿಯಾಡಿಸುವುದು, ಇಷ್ಟೇ ಆ ಮಾತಿನ ಒಳಗಿರುವ ಕ್ರಿಯೆ. ನಮ್ಮವರು ಅದನ್ನು ಕನ್ನಡಕ್ಕೆ ತರುವಾಗ ‘ಮರಳಿ’ಯನ್ನು ‘ಹಿಂದೆ’ ಎಂದು ತಿಳಿದರು. ಹಿಂದೆ ಎಂದಮೇಲೆ ನೆಲೆಯೂ ಹಿಂದಿನದೇ ಆಯಿತು. ನೆಲೆ ಹಿಂದಿನದಾದಮೇಲೆ ಸ್ಥಾನವೂ ಮಾನವೂ ಹಿಂದಿನವೇ ಆದವು. ಇದಲ್ಲದೆ, ಸಂಭಾಷಣೆಯ ಕೆಳಗೆ ಹರಿಯುವ, ಚಿತ್ರೀಕರಣವೆಲ್ಲ ಮುಗಿದ ಮೇಲೆ ಕೂಡಿಸುವ ವಾದ್ಯಸಂಗೀತಕ್ಕೂ ನಾವು ‘ಹಿನ್ನೆಲೆ ಸಂಗೀತ’ ಎಂದೇ ಹೇಳುವೆವಾದ್ದರಿಂದ, ಕೊನೆಗೆ ಬರುವುದೂ ಮೊದಲೇ ಬರುವುದೂ ಒಂದೇ ಹೆಸರಿನ ಅಡಿಯಲ್ಲಿ ಸಿಕ್ಕಿ, ಕೇಳುವವನಿಗೆ ಎರಡರ ಭೇದವೇ ಅಳಿಸಿಹೋಗಿದೆ.

ಕೆಲಸದ ಕ್ರಮವನ್ನು ನೋಡುವೆವಾದರೆ ಹಾಡು ಹಿಂದಿನದಲ್ಲ, ಎಲ್ಲಕ್ಕೂ ಮುಂದಿನದು. ಕವಿ ಬರೆದುಕೊಟ್ಟ ಸಾಹಿತ್ಯಕ್ಕೆ ಸಂಗೀತ ನಿರ್ದೇಶಕನು ರಾಗತಾಳಗಳನ್ನು ಗೊತ್ತುಮಾಡಿ, ವಾದ್ಯದವರನ್ನು ಕೂಡಿಸಿ, ಗಾಯಕನನ್ನು ಧ್ವನಿಗ್ರಾಹಕದ ಮುಂದೆ ನಿಲ್ಲಿಸುವ ಆ ದಿನ, ನಟನು ಬಹುಶಃ ಬೇರೊಂದು ಚಿತ್ರದ ಬೇರೊಂದು ವೇಷದಲ್ಲಿರುವನು. ಧ್ವನಿಯನ್ನು ತುಣುಕು ತುಣುಕಾಗಿ ಹಿಡಿದು ಜೋಡಿಸುವ ಸೌಕರ್ಯವಿಲ್ಲದಿದ್ದ ಆ ಕಾಲದಲ್ಲಿ, ಗಾಯಕನೂ ಪಿಟೀಲಿನವರೂ ತಬಲಾದವರೂ ಒಂದೇ ಕೊಠಡಿಯಲ್ಲಿ ಏಕಕಾಲಕ್ಕೆ ನುಡಿಯಬೇಕಾಗಿತ್ತು; ಕೊನೆಯ ಚರಣದಲ್ಲಿ ಒಬ್ಬನ ಬೆರಳು ಜಾರಿತೆಂದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕಾಗಿತ್ತು. ಹೀಗೆ ಸಿದ್ಧವಾದ ಹಾಡನ್ನು ಮುಂದೆ ಚಿತ್ರೀಕರಣದ ಸ್ಥಳದಲ್ಲಿ ಧ್ವನಿವರ್ಧಕದ ಮೂಲಕ ಹಾಕಿ, ನಟನು ಅದಕ್ಕೆ ತುಟಿಯನ್ನೂ ಕೊರಳನ್ನೂ ಕೈಯನ್ನೂ ಹೊಂದಿಸುವನು. ಛಾಯಾಗ್ರಾಹಕನು ಅದರ ಲಯವನ್ನು ನೋಡಿ ತನ್ನ ಯಂತ್ರವನ್ನು ಸರಿಸುವನು. ಸಂಕಲನಕಾರನು ಅದರ ಮಾತ್ರೆಗಳನ್ನು ಎಣಿಸಿ ದೃಶ್ಯವನ್ನು ಕತ್ತರಿಸುವನು. ಯಾರು ಯಾರನ್ನು ಅನುಸರಿಸಿದರು? ಯಾವುದು ಬಿಂಬ, ಯಾವುದು ಪ್ರತಿಬಿಂಬ?

ಗಜೇಂದ್ರಗಡದ ನೇಕಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕುಣಿಮಗ್ಗದ ಮುಂದೆ ಕೂತು ಪಟ್ಟೇದಂಚಿನ ಸೀರೆಯನ್ನು ನೇಯುವವನು ಮೊದಲು ಹಾಸನ್ನು ಹೂಡಿಕೊಳ್ಳುವನು. ಸೀರೆಯ ಉದ್ದವೂ ಅಗಲವೂ ಅಂಚಿನ ಮೇರೆಯೂ ಆ ಹಾಸಿನಲ್ಲಿಯೇ ನಿಶ್ಚಯವಾಗಿಬಿಡುವುವು. ಆಮೇಲಷ್ಟೇ ಲಾಳಿಯು ಅತ್ತಿಂದಿತ್ತ ಓಡಿ ಹೊಕ್ಕನ್ನು ತುಂಬುವುದು. ಚಿತ್ರಗೀತೆಯಲ್ಲಿ ಕಂಠವು ಹಾಸು, ನಟನ ಅಭಿನಯವು ಹೊಕ್ಕು. ಎರಡೂ ಕೂಡದೆ ಬಟ್ಟೆಯಾಗದು, ಒಪ್ಪಿದೆ. ಆದರೆ ಹಾಸನ್ನು ‘ಹಿನ್ನೂಲು’ ಎಂದು ಕರೆದ ನೇಕಾರನನ್ನು ನಾನು ಕಂಡಿಲ್ಲ. ಇನ್ನೊಂದು ಮಾತು: ಸೀರೆಯನ್ನು ಉಡುವವಳ ಹೆಸರಿನಿಂದ ಕರೆಯುವ ರೂಢಿ ನಮ್ಮಲ್ಲಿ ಇಲ್ಲ. ಅದು ನೇಯ್ದ ಊರಿನ ಹೆಸರಿನಿಂದ ಇಳಕಲ್ಲ ಸೀರೆಯೆಂದೋ ಗಜೇಂದ್ರಗಡದ ಸೀರೆಯೆಂದೋ ಕರೆಯಿಸಿಕೊಳ್ಳುವುದು. ಕಾಣದ ಕೈಗೆ ಸಲ್ಲಬೇಕಾದುದನ್ನು ಸಲ್ಲಿಸುವ ಬುದ್ಧಿ ನಮ್ಮ ನೆಲದಲ್ಲಿ ಹಳೆಯದು. ಅದನ್ನು ನಾವು ಚಿತ್ರಮಂದಿರದ ಬಾಗಿಲಲ್ಲಿ ಏಕೆ ಬಿಟ್ಟುಹೋಗುವೆವು?

ಆಟದ ಅಟ್ಟದ ಮೇಲೆಯೂ ಇದೇ ಬುದ್ಧಿಯನ್ನು ಕಾಣಬಹುದು. ನರಗುಂದದ ಸುತ್ತಿನ ಹಳ್ಳಿಗಳಲ್ಲಿ ದೊಡ್ಡಾಟವನ್ನು ರಾತ್ರಿಯೆಲ್ಲ ಕೂತು ನೋಡಿದವರು ಬಲ್ಲರು: ಅಲ್ಲಿ ಹಿಮ್ಮೇಳದವರು ಪಾತ್ರಧಾರಿಯ ಬೆನ್ನಿಗೇ, ಅದೇ ಅಟ್ಟದ ಮೇಲೆ, ಅದೇ ಬೆಳಕಿನಲ್ಲಿ ನಿಂತು, ಅವನು ಎತ್ತಿದ ನುಡಿಯನ್ನು ಎತ್ತಿಕೊಂಡು ಮದ್ದಳೆ ತಾಳಗಳೊಡನೆ ಮುಗಿಲಿಗೆ ಮುಟ್ಟಿಸುವರು. ‘ಹಿಂ’ ಎಂಬುದು ಅಲ್ಲಿ ನಿಲ್ಲುವ ಜಾಗದ ಹೆಸರೇ ಹೊರತು ಅಂತಸ್ತಿನ ಹೆಸರಲ್ಲ. ಹಿಮ್ಮೇಳ ಸರಿಯಿಲ್ಲದ ಆಟಕ್ಕೆ ಜನ ನಡುರಾತ್ರಿಯಲ್ಲಿಯೇ ಚಾಪೆ ಸುತ್ತಿಕೊಂಡು ಎದ್ದುಹೋಗುವರು. ಮೆಚ್ಚಿದರೆ ಆಹೇರಿಯನ್ನು ಕುಣಿದವನಿಗೂ ಹಾಡಿದವನಿಗೂ ಕೂಗಿ ಹೇಳಿ ಕೊಡುವರು. ಕಾಣುವ ಹಿಮ್ಮೇಳವನ್ನು ಕಾಣದಂತೆ ಮಾಡಿದುದು ಚಿತ್ರರಂಗ. ಕಾಣದಿದ್ದ ಮಾತ್ರಕ್ಕೆ ಅದು ಕಿರಿದೆಂದು ತಿಳಿದುದು ನಾವು.

ಇಲ್ಲಿ ನನ್ನ ಬಾಲ್ಯದ ಒಂದು ನೆನಪನ್ನು ಹೇಳದೆ ಮುಂದುವರಿಯಲಾರೆ. ಜಾತ್ರೆಯ ದಿನಗಳಲ್ಲಿ ಬಂದು ಸುಗ್ಗಿಯ ತನಕ ತಂಗುತ್ತಿದ್ದ ಟೆಂಟು ಸಿನಿಮಾದ ಕಾಲವದು. ನೆಲದ ಮೇಲೆ ಕೂತು ನೋಡುವ ಟಿಕೀಟಿಗೂ ದುಡ್ಡು ಕೂಡದಿದ್ದ ಒಂದು ಸಂಜೆ, ನಮ್ಮ ಮನೆಗೆ ಪರಿಚಯದವನಾಗಿದ್ದ ಆಪರೇಟರನು ನನ್ನನ್ನು ತಗಡಿನ ಗೋಡೆಯ ತನ್ನ ಕೋಣೆಯೊಳಗೆ ಬಿಟ್ಟುಕೊಂಡನು. ಒಳಗೆ ಬೇಸಗೆಯ ಮಧ್ಯಾಹ್ನದಂಥ ಸೆಕೆ. ಯಂತ್ರದ ಹೊಟ್ಟೆಯಲ್ಲಿ ಎರಡು ಕಾರ್ಬನ್ ಕಡ್ಡಿಗಳು ತುದಿಗೆ ತುದಿಯಾಗಿ ಉರಿಯುತ್ತಿದ್ದವು. ಉರಿದಂತೆ ಸವೆದು ಅವುಗಳ ನಡುವಣ ಅಂತರ ಹೆಚ್ಚುತ್ತಿದ್ದುದರಿಂದ, ಆತನು ಕರಿಯ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು, ಒಂದು ಹಿಡಿಯನ್ನು ಬೆರಳಷ್ಟೂ ಅಲ್ಲ, ಕೂದಲೆಳೆಯಷ್ಟು ತಿರುವುತ್ತ, ಬೆಳಕನ್ನು ಕಾಯ್ದುಕೊಳ್ಳುತ್ತಿದ್ದನು. ಚಿತ್ರವನ್ನು ನೋಡಲು ಆತನಿಗೆ ಬಿಡುವಿರಲಿಲ್ಲ. ಸಾವಿರ ಅಡಿಯ ಒಂದು ಸುರುಳಿಗೆ ಹನ್ನೊಂದು ನಿಮಿಷ. ಅಷ್ಟರೊಳಗೆ ಮುಂದಿನದನ್ನು ಅಣಿಮಾಡಿ, ಮುಗಿದುದನ್ನು ಹಿಂದಕ್ಕೆ ಸುತ್ತಿ, ಹರಿದ ಕಡೆ ಅಂಟು ಹಾಕಬೇಕು. ಆ ರಾತ್ರಿ ತೆರೆಯ ಮೇಲೆ ಹಾಡೊಂದು ಆರಂಭವಾಯಿತು. ಆತನು ತಲೆಯೆತ್ತದೆಯೇ ನನಗೆ ಹೇಳಿದನು: ‘ಹಾಡು ಸುರು ಆತಂದ್ರ ದೀಪ ಇಳೀಬಾರದೋ ತಮ್ಮಾ. ಇಳೀತಂದ್ರ ಮಂದಿ ನನ್ನ ಬೈತಾರ. ಇಳೀಲಿಲ್ಲಂದ್ರ ನಾ ಇದ್ದದ್ದ ಅವರಿಗೆ ಗೊತ್ತಾಗೂದಿಲ್ಲ.’ ಕೆಲಸ ಕೆಟ್ಟಾಗ ಮಾತ್ರ ನೆನಪಾಗುವ ಒಂದು ಬಾಳು ಜಗತ್ತಿನಲ್ಲಿದೆಯೆಂಬುದು ನನಗೆ ತಿಳಿದುದು ಆ ತಗಡಿನ ಕೋಣೆಯಲ್ಲಿ. ಅಂದಿನಿಂದ ಇಂದಿನವರೆಗೆ ಬೆಳಕಿನ ಆ ಕೋಲನ್ನು ನೋಡುವಾಗಲೆಲ್ಲ ಅದರ ಮೂಲದಲ್ಲಿ ಬೆವರುತ್ತಿದ್ದ ಆ ಮುಖವೇ ನನಗೆ ಮೊದಲು ತೋರುವುದು.

ಈಗ ಎದುರುಪಕ್ಷದವರ ಮಾತನ್ನು ಕೇಳೋಣ. ಅವರ ಮೊದಲನೆಯ ಆಕ್ಷೇಪ: ಜನರು ಬರುವುದು ಮುಖವನ್ನು ನೋಡಲು, ರಾಜಕುಮಾರರಿಲ್ಲದ ‘ಸಂಧ್ಯಾರಾಗ’ವನ್ನು ಯಾರು ನೋಡುತ್ತಿದ್ದರು? ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ಬಂದ ಆ ಚಿತ್ರಕ್ಕೆ ರಾಜಕುಮಾರರ ಅಭಿನಯವು ಪ್ರಾಣವಾಗಿತ್ತೆಂಬುದನ್ನು ನಾನು ಅಲ್ಲಗಳೆಯೆನು. ಪರರ ಕಂಠಕ್ಕೆ ತನ್ನ ಕೊರಳಿನ ನರಗಳನ್ನು ಒಪ್ಪಿಸುವುದು ಒಂದು ತಪಸ್ಸೇ ಸರಿ. ಆದರೆ ಅದೇ ಚಿತ್ರದಲ್ಲಿ ನಾದದೇವತೆಯನ್ನು ಕುರಿತ ಒಂದೇ ಗೀತವನ್ನು ಭೀಮಸೇನ ಜೋಶಿ, ಬಾಲಮುರಳಿಕೃಷ್ಣ, ಎಸ್. ಜಾನಕಿ ಮೂವರೂ ಪ್ರತ್ಯೇಕವಾಗಿ ಹಾಡಿದ್ದಾರೆ; ತುಂಗಭದ್ರೆಯ ಈಚೆಯ ಹಿಂದುಸ್ತಾನಿಯೂ ಆಚೆಯ ಕರ್ನಾಟಕಿಯೂ ಒಂದು ಕಥೆಯೊಳಗೆ ಕೂಡಿದುದು ಆ ಮೂರು ಕಂಠಗಳ ಮೂಲಕ. ಸಂಗೀತಗಾರನೊಬ್ಬನ ಬಾಳನ್ನು ಹೇಳುವ ಕಥೆಯಿಂದ ಆ ಮೂರು ಕಂಠಗಳನ್ನು ತೆಗೆದುಹಾಕಿದರೆ ಉಳಿಯುವುದೇನು? ರಾಜಕುಮಾರರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಪಿ. ಬಿ. ಶ್ರೀನಿವಾಸರನ್ನು ಕುರಿತು ಅವರು, ಶರೀರ ಮಾತ್ರ ತಮ್ಮದು, ಶಾರೀರ ಅವರದು ಎಂಬರ್ಥದ ಮಾತನ್ನು ಹೇಳುತ್ತಿದ್ದುದು ಕನ್ನಡಿಗರಿಗೆಲ್ಲ ಗೊತ್ತು. ನಟನಿಗಿದ್ದ ಈ ವಿವೇಕವು ನಟನ ಅಭಿಮಾನಿಗಳಿಗೆ ಬಾರದೆ ಹೋದುದು ವಿಷಾದದ ಸಂಗತಿ.

ಮುಖವೇ ಸರ್ವಸ್ವವೆನ್ನುವವರ ಮುಂದೆ ಇನ್ನೂ ಬಲವಾದ ಒಂದು ನಿದರ್ಶನವನ್ನು ಇಡುತ್ತೇನೆ. ತ. ರಾ. ಸುಬ್ಬರಾಯರ ‘ಹಂಸಗೀತೆ’ಯೆಂಬ ಕನ್ನಡ ಕಾದಂಬರಿ, ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ, ಮುಂಬಯಿಗೆ ಹೋಗಿ 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದೀ ಚಿತ್ರವಾಯಿತು. ಶಂಕರ್–ಜೈಕಿಶನ್ ಅದಕ್ಕೆ ಸಂಗೀತ ನೀಡಿದರು. ಅದರಲ್ಲಿ ಆಸ್ಥಾನದ ಗಾಯನಸ್ಪರ್ಧೆಯ ದೃಶ್ಯವೊಂದಿದೆ: ನಾಯಕನಾದ ಭರತ್ ಭೂಷಣನಿಗೆ ಮನ್ನಾ ಡೇ ಅವರ ಕಂಠ, ಅವನ ಪ್ರತಿಸ್ಪರ್ಧಿಗೆ ಭೀಮಸೇನ ಜೋಶಿಯವರ ಕಂಠ. ಆ ಪ್ರತಿಸ್ಪರ್ಧಿಯ ಪಾತ್ರದಲ್ಲಿ ತುಟಿಯಾಡಿಸಿದ ನಟನ ಹೆಸರನ್ನು ಇಂದು ಹೇಳಬಲ್ಲವರು ಅತಿ ವಿರಳ. ಆ ಹಾಡಿನಲ್ಲಿ ಎದ್ದುನಿಲ್ಲುವ ಭೀಮಸೇನರ ತಾನುಗಳನ್ನು ಗುರುತಿಸಬಲ್ಲವರು ದೇಶದ ಉದ್ದಗಲಕ್ಕೂ ಇದ್ದಾರೆ. ಮುಖ ಅಳಿಯಿತು, ಕಂಠ ಉಳಿಯಿತು. ಕನ್ನಡದ ಕಥೆಯೊಂದು ಹಿಂದಿಯ ವೇಷ ತೊಟ್ಟುಕೊಂಡಾಗ ಅದರೊಳಗೆ ನುಡಿದ ಧ್ವನಿಯೂ ಕನ್ನಡ ನಾಡಿನ ರೋಣದ್ದೇ ಆಗಿತ್ತೆಂಬುದನ್ನು ನಮ್ಮ ಶಾಲೆಗಳಲ್ಲಿ ಯಾರಾದರೂ ಮಕ್ಕಳಿಗೆ ಹೇಳಿದುದುಂಟೇ?

ಹೇಳುವುದಿಲ್ಲ, ಅದಕ್ಕೆ ಬದಲಾಗಿ ಒಂದು ವಿನೋದದ ಕಥೆಯನ್ನು ಹೇಳುತ್ತೇವೆ. ಭೀಮಸೇನರೊಡನೆ ಹಾಡಿ ಅವರನ್ನು ಗೆಲ್ಲಬೇಕೆಂದು ಕೇಳಿದೊಡನೆ ಮನ್ನಾ ಡೇ ಬೆದರಿದರು, ಕೆಲವು ದಿನ ಊರು ಬಿಟ್ಟುಹೋಗುವೆನೆಂದರು, ನಾಯಕನಿಗಾಗಿ ಹಾಡುವವರು ನೀವಾದ್ದರಿಂದ ಗೆಲ್ಲಲೇಬೇಕೆಂದು ಅವರ ಪತ್ನಿ ಧೈರ್ಯ ತುಂಬಿದರು ಎಂಬ ಕಥೆ. ಮನ್ನಾ ಡೇ ತಾವೇ ಹೇಳಿಕೊಂಡ ವೃತ್ತಾಂತವಾದ್ದರಿಂದ ಅದರ ಸತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ನನ್ನ ತಕರಾರು ನಾವು ಅದನ್ನು ಬಳಸುವ ರೀತಿಯ ಮೇಲೆ. ಅದು ನಗಿಸಿ ಮುಗಿಯುವ ಕಥೆಯಲ್ಲ. ಒಬ್ಬ ಮಹಾಗಾಯಕನ ಎದುರು ನಿಲ್ಲಲು ತನ್ನ ಯೋಗ್ಯತೆಯನ್ನು ತೂಗಿನೋಡಿ ನಡುಗಿದ ಇನ್ನೊಬ್ಬ ಗಾಯಕನು, ಆ ನಡುಕವನ್ನೇ ಸಾಧನೆಯನ್ನಾಗಿ ಮಾಡಿಕೊಂಡು ಅಭ್ಯಾಸಕ್ಕೆ ಕೂತನೆಂಬುದು ಅದರ ಸಾರ. ಗೆಲ್ಲಬಲ್ಲ ಶಕ್ತಿಯಿದ್ದವರು ಕಥೆಯ ಅಗತ್ಯಕ್ಕಾಗಿ ಸೋತುಕೊಟ್ಟರೆಂಬುದು ಅದರ ಮತ್ತೊಂದು ಸಾರ. ತನ್ನ ಕಲೆಯ ತುತ್ತತುದಿಯಲ್ಲಿದ್ದ ಸಭಾಗಾಯಕನೊಬ್ಬನು, ತೆರೆಯ ಮೇಲೆ ತನ್ನ ಮುಖವೂ ಕಾಣದ, ಗೆಲವೂ ತನ್ನದಲ್ಲದ ಒಂದು ಪಾತ್ರಕ್ಕೆ ತನ್ನ ಕಂಠವನ್ನು ಪೂರ್ಣವಾಗಿ ಧಾರೆಯೆರೆದ ಈ ಔದಾರ್ಯಕ್ಕೆ ಸಮನಾದುದು ಆ ಚಿತ್ರದ ಯಾವ ಪಾತ್ರದಲ್ಲಿದೆ? ತೆರೆಯ ಮರೆಯ ದುಡಿಮೆಯನ್ನು ‘ನಿಮಗಿದು ಗೊತ್ತೇ?’ ಎಂಬ ಚೌಕಟ್ಟಿನೊಳಗೆ ಹಾಕಿ ಕೌತುಕದ ಸರಕಾಗಿ ಮಾರುವುದು, ಅದನ್ನು ಮರೆಯುವುದಕ್ಕಿಂತ ಹೆಚ್ಚಿನ ಅಪಚಾರವೆಂದೇ ನಾನು ತಿಳಿಯುತ್ತೇನೆ. ಮರೆತದ್ದು ಒಂದು ದಿನ ನೆನಪಾಗಬಹುದು. ಒಮ್ಮೆ ನಗೆಯ ವಸ್ತುವಾದುದನ್ನು ಮತ್ತೆ ಗಂಭೀರವಾಗಿ ನೋಡುವವರು ಕಡಿಮೆ.

ಎರಡನೆಯ ಆಕ್ಷೇಪ ರಸಿಕರದು. ಮರೆಯಲ್ಲಿರುವುದನ್ನು ಅರಿತರೆ ರಸಭಂಗವಾಗುವುದು, ಹಾಡುವವನು ಬೇರೆಯೆಂದು ನೆನಪಾದರೆ ನಾಯಕನ ದುಃಖವು ನಮ್ಮನ್ನು ತಟ್ಟದು ಎನ್ನುವರು. ಸೂತ್ರದ ಬೊಂಬೆಯಾಟವನ್ನು ನೋಡಿ ಕಣ್ಣೀರಿಟ್ಟ ನಮ್ಮ ಹಿರಿಯರಿಗೆ ದಾರವು ಕಾಣುತ್ತಿರಲಿಲ್ಲವೇ? ಇದಕ್ಕಿಂತ ಹೆಚ್ಚಿನ ಉತ್ತರ ಆ ಆಕ್ಷೇಪಕ್ಕೆ ಬೇಕಾಗಿಲ್ಲ.

ಮೂರನೆಯದು ಶಾಸ್ತ್ರೀಯ ಸಂಗೀತದ ಶುದ್ಧಿಯನ್ನು ಕಾಯುವವರ ಆಕ್ಷೇಪ: ರಾಗವನ್ನು ಗಂಟೆಗಟ್ಟಲೆ ಬಿಡಿಸಿ ಹಾಡುವ ಗಾಯಕನು ಮೂರು ನಿಮಿಷದ ಚಿತ್ರಗೀತೆಗೆ ಇಳಿಯಬಾರದಾಗಿತ್ತು, ಆದುದರಿಂದ ಆ ಹಾಡುಗಳನ್ನು ಅವರ ಬಾಳಿನಲ್ಲಿ ಲೆಕ್ಕಕ್ಕೆ ಹಿಡಿಯಕೂಡದು. ಈ ಮಹನೀಯರು ಒಂದು ಸಂಗತಿಯನ್ನು ಮರೆತಿದ್ದಾರೆ. ಶಾಲಾಮಾಸ್ತರರ ಮಗನಾದ ಹುಡುಗ ಭೀಮಸೇನನು ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನು ಅರಸಿ ಮನೆಬಿಟ್ಟು ಉತ್ತರಕ್ಕೆ ಹೋದುದು ಯಾವ ಸಭೆಯನ್ನು ಕೇಳಿ? ಅಬ್ದುಲ್ ಕರೀಂ ಖಾನರ ಠುಮರಿಯ ಒಂದು ಗ್ರಾಮಫೋನ್ ತಟ್ಟೆಯನ್ನು ಕೇಳಿ. ಆ ತಟ್ಟೆಯಲ್ಲಿ ಮುಖವಿರಲಿಲ್ಲ, ಸಭೆಯಿರಲಿಲ್ಲ. ಇದ್ದುದು ಕೆಲವೇ ನಿಮಿಷಗಳ ಒಂದು ಧ್ವನಿ. ಕುಂದಗೋಳದ ಸವಾಯಿ ಗಂಧರ್ವರ ಮನೆಯ ಬಾಗಿಲಿಗೆ ಆ ಹುಡುಗನನ್ನು ಕೊನೆಗೆ ತಂದು ನಿಲ್ಲಿಸಿದುದು ಆ ಮುಖವಿಲ್ಲದ ಕಂಠವೇ. ಅಂಥ ಕಂಠವು ಕಿರಿದೆನ್ನುವವರು ಭೀಮಸೇನರ ಸಂಗೀತದ ಬೇರನ್ನೇ ಕಿರಿದೆಂದಂತಾಯಿತು. ಅವರು 1985ರ ‘ಅನ್‌ಕಹೀ’ ಚಿತ್ರದ ಹಾಡುಗಳಿಗಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದಾಗ ಅವರ ವಯಸ್ಸು ಅರವತ್ತನ್ನು ದಾಟಿತ್ತು; ಒಲ್ಲದ ಕೆಲಸವನ್ನು ಆ ವಯಸ್ಸಿನಲ್ಲಿ, ಆ ಕೀರ್ತಿಯಲ್ಲಿ, ಯಾರು ಮಾಡಿಯಾರು?

ಹೆಸರನ್ನು ಕೊಡದಿರುವ ಈ ರೋಗಕ್ಕೆ ದೀರ್ಘವಾದ ಇತಿಹಾಸವಿದೆ. 1934ರ ‘ಸತಿ ಸುಲೋಚನಾ’ ಎಂಬ ಕನ್ನಡ ಚಿತ್ರದ ಕಾಲಕ್ಕೆ ನಟನೇ ಹಾಡಬೇಕಾಗಿದ್ದುದರಿಂದ ಈ ಪ್ರಶ್ನೆ ಹುಟ್ಟಿರಲಿಲ್ಲ, ಮರುವರ್ಷ ಕಲಕತ್ತೆಯಲ್ಲಿ ಕಂಠವನ್ನೂ ಮುಖವನ್ನೂ ಬೇರೆಮಾಡುವ ಉಪಾಯವು ಬಳಕೆಗೆ ಬಂದಿತು, ಅದರೊಡನೆ ಕಂಠದ ಹೆಸರು ಕಳೆಯುವ ಪದ್ಧತಿಯೂ ಬಂದಿತು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಗೀತದ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾದುದು ‘ಕಾಮಿನಿ’, ಕಥೆಯ ಪಾತ್ರದ ಹೆಸರು. ಹಾಡಿದವರು ಲತಾ ಮಂಗೇಶ್ಕರರೆಂಬುದು ಕೇಳುಗರು ಆಕಾಶವಾಣಿಯನ್ನು ಪೀಡಿಸಿದ ಮೇಲೆ ಹೊರಬಿದ್ದಿತು. ಫಿಲ್ಮ್‌ಫೇರ್ ಪ್ರಶಸ್ತಿಗಳು 1954ರಲ್ಲಿ ಆರಂಭವಾದರೂ ಗಾಯಕರಿಗೆಂದು ಒಂದು ಪ್ರಶಸ್ತಿ ಏರ್ಪಟ್ಟುದು 1959ರಲ್ಲಿ, ಅದೂ ಲತಾ ಅವರು ಹಟಹಿಡಿದ ಮೇಲೆ. ನಮ್ಮ ಗದಗಿನ ಗವಾಯಿಗಳ ಬಾಳನ್ನು ಕುರಿತ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ 1995ರ ಸಾಲಿನ ರಾಷ್ಟ್ರಪ್ರಶಸ್ತಿಗಳು ಬಂದಾಗ, ಅವು ಬಂದುದು ಸಂಗೀತ ನೀಡಿದ ಹಂಸಲೇಖರಿಗೂ ಹಾಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ. ಕಣ್ಣಿಲ್ಲದ ಗವಾಯಿಗಳ ಕಥೆಯಲ್ಲಿ ಕಣ್ಣಿಗೆ ಕಾಣದವರೇ ಗೌರವವನ್ನು ಪಡೆದರೆಂಬುದು ನನಗೆ ಇಂದಿಗೂ ಸಂತೋಷವನ್ನು ಕೊಡುವ ಮಾತು.

ಹಾಗಾದರೆ ಮಾಡಬೇಕಾದುದೇನೆಂದು ಕೇಳಬಹುದು. ‘ಹಿನ್ನೆಲೆ’ಯ ಬದಲಿಗೆ ಹೊಸ ಪದವೊಂದನ್ನು ಪಂಡಿತರು ಟಂಕಿಸಲಿ ಎಂದು ನಾನು ಕಾದಿಲ್ಲ, ‘ಗಾಯನ’ ಎಂಬ ಹಳೆಯ ಪದವೇ ಸಾಕು, ಅದರ ಹಿಂದೆ ಯಾವ ವಿಶೇಷಣವೂ ಬೇಡ. ಪ್ರತಿ ವರ್ಷ ಫೆಬ್ರುವರಿ 4ರಂದು ಭೀಮಸೇನರನ್ನು ನೆನೆಯುವ ರೋಣದವರು, ಅವರ ಅಭಂಗ ಖ್ಯಾಲುಗಳ ಜೊತೆಗೆ ಅವರ ಚಿತ್ರಗೀತಗಳನ್ನೂ ನಾಚಿಕೆಯಿಲ್ಲದೆ ಹಾಕಿ ಕೇಳಲಿ. ಚಿತ್ರಮಂದಿರದಲ್ಲಿ ಚಿತ್ರವು ಮುಗಿದೊಡನೆ ದೀಪ ಹಾಕಿ ಜನರನ್ನು ಹೊರಗೆ ಕಳುಹಿಸುವ ಅವಸರವನ್ನು ಬಿಟ್ಟು, ಕೊನೆಯಲ್ಲಿ ಹರಿಯುವ ಹೆಸರುಗಳ ಸಾಲನ್ನು ಪೂರ್ತಿಯಾಗಿ ತೋರಿಸಲಿ; ಅದರಲ್ಲಿ ಬೆಳಕು ಹಿಡಿದವನಿದ್ದಾನೆ, ಉಡುಪು ಹೊಲಿದವನಿದ್ದಾನೆ, ಬಣ್ಣ ಬಳಿದವನಿದ್ದಾನೆ. ಮತ್ತು ಓದುಗರಲ್ಲಿ ನನ್ನದೊಂದು ಸಣ್ಣ ಬೇಡಿಕೆಯಿದೆ: ಇಂದು ಸಂಜೆ ಮನೆಯಲ್ಲಿ ಹಳೆಯ ಹಾಡೊಂದು ಬಂದು, ಮಗುವು ‘ಇದು ಯಾರ ಹಾಡಪ್ಪಾ?’ ಎಂದು ಕೇಳಿದರೆ, ಮೊದಲು ಹಾಡಿದವರ ಹೆಸರನ್ನು ಹೇಳಿರಿ, ಆಮೇಲೆ ನಟನ ಹೆಸರನ್ನು ಹೇಳಿರಿ. ಕೆಲಸವೂ ಅದೇ ಕ್ರಮದಲ್ಲಿಯೇ ನಡೆದಿತ್ತು.